ದಿವಾನ್ ಬಹಾದ್ದೂರ್ ಅಣ್ಣಾಸಾಹೇಬ ಲಠ್ಠೆ: ಮುಂಬಯಿ ಪ್ರಾಂತದ ಹಣಕಾಸು ಮಂತ್ರಿಯಾದ ಶ್ರಾವಕ

ಬೆಳಗಾವಿ, ಕೊಲ್ಹಾಪುರ, ಸಾಂಗ್ಲಿ ಭಾಗದ ಜೈನ ಸಮಾಜದ ಹಿರಿಯರಿಗೆ ಲಠ್ಠೆಯವರ ಹೆಸರು ಹೊಸದಲ್ಲ. ವಿದ್ಯಾರ್ಥಿ ನಿಲಯದ ವ್ಯವಸ್ಥಾಪಕರು, ಜೈನ ಧರ್ಮದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು, ಕೊಲ್ಹಾಪುರದ ದಿವಾನರು ಎಂದು ಅವರನ್ನು ನೆನೆಯುವವರಿದ್ದಾರೆ. ಅವರು ಮುಂಬಯಿ ಪ್ರಾಂತದ ವಿಧಾನಸಭೆಯಲ್ಲಿ ಎರಡು ವರ್ಷಗಳಿಗೂ ಹೆಚ್ಚು ಕಾಲ ಸರ್ಕಾರದ ಹಣದ ಲೆಕ್ಕ ಹೊತ್ತು ನಿಂತಿದ್ದರೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಮದ್ಯತ್ಯಾಗ ಶ್ರಾವಕನ ಮೂಲಗುಣಗಳಲ್ಲಿ ಒಂದು. ಅದನ್ನು ಒಂದು ಸರ್ಕಾರ ತನ್ನ ನೀತಿಯಾಗಿ ಹಿಡಿದಾಗ ಬೊಕ್ಕಸಕ್ಕೆ ಬೀಳುವ ಹಳ್ಳವನ್ನು ತುಂಬುವ ಕೆಲಸ ಬಂದದ್ದು ಒಬ್ಬ ಶ್ರಾವಕನ ಪಾಲಿಗೇ. ಲಠ್ಠೆಯವರ ಜೀವನದಲ್ಲಿ ಹೆಚ್ಚು ತಿಳಿಯಬೇಕಾದ ಭಾಗ ಅದು.

ಅಣ್ಣಾ ಬಾಬಾಜಿ ಲಠ್ಠೆ ಜನಿಸಿದ್ದು 1878ರ ಡಿಸೆಂಬರ್ 9ರಂದು, ಕುರುಂದವಾಡದಲ್ಲಿ. ಕೃಷ್ಣಾ ಪಂಚಗಂಗಾ ನದಿಗಳ ಸಂಗಮದ ಬಳಿಯ ಈ ಊರು ಆಗ ಪಟವರ್ಧನರ ಸಂಸ್ಥಾನದ ರಾಜಧಾನಿ. ಕನ್ನಡ ಮರಾಠಿಗಳೆರಡೂ ಬೆರೆತ, ಒಕ್ಕಲುತನವೇ ಮುಖ್ಯವಾದ ಜೈನ ಕುಟುಂಬಗಳ ಸೀಮೆ ಅದು. ಅಲ್ಲಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ತಲೆಮಾರಿನವರಲ್ಲಿ ಲಠ್ಠೆಯವರೂ ಒಬ್ಬರು. ಎಂ.ಎ. ಮತ್ತು ಎಲ್‌ಎಲ್.ಬಿ. ಪದವಿಗಳನ್ನು ಪಡೆದರು.

1899ರಲ್ಲಿ ನಿಪ್ಪಾಣಿಯ ಹತ್ತಿರದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪನೆಯಾಯಿತು. ಹೆಸರಿನಲ್ಲಿ ಮಹಾರಾಷ್ಟ್ರವಿದ್ದರೂ ಸಭೆ ಹುಟ್ಟಿದ ನೆಲ ಇಂದಿನ ಬೆಳಗಾವಿ ಜಿಲ್ಲೆಯದು. ಸಮಾಜದ ಮಕ್ಕಳಿಗೆ ವಿದ್ಯೆ ಮತ್ತು ವಿದ್ಯೆಗಾಗಿ ವಸತಿ, ಈ ಎರಡನ್ನು ಸಭೆ ಮೊದಲಿನಿಂದಲೂ ಹಿಡಿದುಕೊಂಡಿತು. ತರುಣ ಲಠ್ಠೆ ಈ ಕೆಲಸದಲ್ಲಿ ತೊಡಗಿದರು. 1905ರಲ್ಲಿ ಜೈನ ಧರ್ಮವನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸುವ ಅವರ ಪುಸ್ತಕ ಪ್ರಕಟವಾಯಿತು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾದರು, ಬಳಿಕ ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿಯಾದರು. ಜೊತೆಗೆ ಅಲ್ಲಿಯ ಜೈನ ವಿದ್ಯಾರ್ಥಿ ನಿಲಯದ ಹೊಣೆಯೂ ಅವರದೇ.

ಆ ನಿಲಯದಲ್ಲಿ ಕುಂಭೋಜದ ಹುಡುಗನೊಬ್ಬನಿದ್ದ. ಮುಂದೆ ಕರ್ಮವೀರರೆಂದು ಹೆಸರಾಗಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಭಾವೂರಾವ್ ಪಾಟೀಲರೇ ಆ ಹುಡುಗ. ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಕೊಲ್ಹಾಪುರದಲ್ಲಿ ತೆರೆದ ಮಿಸ್ ಕ್ಲಾರ್ಕ್ ವಸತಿಗೃಹದ ಸಮಾರಂಭಕ್ಕೆ ಭಾವೂರಾವ್ ಹೋಗಿಬಂದರು. ಸ್ನಾನ ಮಾಡಿ ಒಳಗೆ ಬರಬೇಕೆಂಬ ನಿಯಮಕ್ಕೆ ಅವರು ಒಪ್ಪಲಿಲ್ಲ. ಕೊನೆಗೆ ನಿಲಯ ಬಿಡಬೇಕಾಯಿತು. ನಿಯಮ ಹಿಡಿದು ನಿಂತವರು ಲಠ್ಠೆ ಎಂದೇ ಭಾವೂರಾವ್ ಅವರ ಚರಿತ್ರೆಕಾರರು ಹೇಳುತ್ತಾರೆ. ಲಠ್ಠೆಯವರ ಅಭಿಮಾನಿಗಳಿಗೆ ಇದು ಹಿತವಾದ ಸಂಗತಿಯಲ್ಲ. ಆದರೂ ಅವರ ಚರಿತ್ರೆಯಿಂದ ಇದನ್ನು ಬಿಡುವುದು ಸರಿಯಲ್ಲ, ಏಕೆಂದರೆ ಮುಂದಿನದು ಅರ್ಥವಾಗುವುದು ಇದು ಗೊತ್ತಿದ್ದಾಗ.

1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ರಾಜಮನೆತನದವರ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಅಂದಿನ ಕಾಲದಲ್ಲಿ ಅದು ಸಣ್ಣ ಅಪರಾಧವಲ್ಲ, ಸಂಸ್ಥಾನಕ್ಕೇ ಕುತ್ತು ತರಬಹುದಾದ ಮಾತು. ಸಂಶಯದ ಬೆರಳು ಲಠ್ಠೆಯವರ ಕಡೆ ತಿರುಗಿತು. ಛತ್ರಪತಿ ಶಾಹೂ ಮಹಾರಾಜರ ಆಡಳಿತದಲ್ಲಿ ಅಷ್ಟು ಹೊತ್ತಿಗೆ ಅವರಿಗೆ ವಿರೋಧಿಗಳು ಹುಟ್ಟಿಕೊಂಡಿದ್ದರು. ಲಠ್ಠೆಯವರ ವಿರುದ್ಧ ಸಾಕ್ಷಿ ಹೇಳುವಂತೆ ಭಾವೂರಾವ್ ಅವರ ಮೇಲೆ ಒತ್ತಡ ಬಂತು. ನಿಲಯದಿಂದ ಹೊರಗೆ ಕಳಿಸಲ್ಪಟ್ಟಿದ್ದ ಆ ತರುಣ ಸುಳ್ಳು ಸಾಕ್ಷಿಗೆ ಒಪ್ಪಲಿಲ್ಲ. ಸೆರೆಯಲ್ಲಿ ಹಿಂಸೆ ಅನುಭವಿಸಿದರು, ಪ್ರಾಣ ಕಳೆದುಕೊಳ್ಳಲು ಯತ್ನಿಸುವಷ್ಟು ನೊಂದರು, ಆದರೂ ಹೆಸರು ಹೇಳಲಿಲ್ಲ. ಸತ್ಯಾಣುವ್ರತಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಸೀಮೆಯ ಇತ್ತೀಚಿನ ಚರಿತ್ರೆಯಲ್ಲಿ ಸಿಗುವುದು ಕಷ್ಟ.

ಲಠ್ಠೆ ಕೊಲ್ಹಾಪುರ ಬಿಟ್ಟು ಬೆಳಗಾವಿಗೆ ಬಂದು ವಕೀಲಿ ಹಿಡಿದರು. ಅವರ ಸಾರ್ವಜನಿಕ ಜೀವನ ವಿದ್ಯಾರ್ಥಿ ನಿಲಯದ ಅಂಗಳದಿಂದ ಶಾಸನಸಭೆಯ ಕಡೆಗೆ ಹೊರಳಿದ್ದು ಇಲ್ಲಿಂದ. ಮಾಂಟೆಗ್ಯು ಚೆಲ್ಮ್ಸ್‌ಫರ್ಡ್ ಸುಧಾರಣೆಗಳ ಮಾತು ನಡೆಯುತ್ತಿದ್ದ ಕಾಲ ಅದು. ಓದುಬರಹ ಬಲ್ಲ ಕೆಲವೇ ಜಾತಿಗಳ ಕೈಗೆ ಹೊಸ ಶಾಸನಸಭೆಗಳು ಸಿಕ್ಕಿಬಿಟ್ಟರೆ ಒಕ್ಕಲಿಗರ ಗತಿ ಏನೆಂಬ ಚಿಂತೆ ಬ್ರಾಹ್ಮಣೇತರ ಮುಖಂಡರಿಗೆ ಇತ್ತು. ಲಠ್ಠೆ ಡೆಕ್ಕನ್ ರಯತ ಸಂಘದಲ್ಲಿ ಕೆಲಸ ಮಾಡಿದರು, ಡೆಕ್ಕನ್ ರಯತ್ ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದರು.

1921ರಿಂದ 1923ರವರೆಗೆ ಅವರು ದೆಹಲಿಯ ಕೇಂದ್ರ ಶಾಸನಸಭೆಯ ಸದಸ್ಯರು. ಆ ಸಭೆಯ ಮುಂದೆ ಬಂದ ಮಸೂದೆಗಳಲ್ಲಿ ಒಂದು ಜೈನರಿಗೆ ನೇರವಾಗಿ ಸಂಬಂಧಿಸಿದ್ದು. 1872ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ನೋಂದಣಿ ಮದುವೆಯಾಗಬೇಕಾದರೆ ವಧೂವರರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯೆಹೂದಿ, ಬೌದ್ಧ, ಸಿಖ್, ಜೈನ ಯಾವ ಧರ್ಮಕ್ಕೂ ಸೇರಿದವರಲ್ಲವೆಂದು ಬರೆದುಕೊಡಬೇಕಿತ್ತು. ಜಾತಿ ದಾಟಿ ಮದುವೆಯಾಗುವವರು ಮೊದಲು ತಮ್ಮ ಧರ್ಮವನ್ನು ಕೈಬಿಡಬೇಕೆಂಬುದೇ ಇದರ ಅರ್ಥ. ಹರಿಸಿಂಗ್ ಗೌರ್ ತಂದ ತಿದ್ದುಪಡಿ ಹಲವು ಅಡ್ಡಿಗಳನ್ನು ದಾಟಿ 1923ರಲ್ಲಿ 30ನೆಯ ಕಾಯ್ದೆಯಾಯಿತು. ಅಂದಿನಿಂದ ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮ ಧರ್ಮದಲ್ಲೇ ಉಳಿದು ಆ ಕಾಯ್ದೆಯಡಿ ಮದುವೆಯಾಗಬಹುದಾಯಿತು. ಅದರ ಬೆಲೆಯೂ ಇತ್ತು: ಹಾಗೆ ಮದುವೆಯಾದವರು ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ ಕಾನೂನು ಎಣಿಸುತ್ತಿತ್ತು. ವಿರೋಧಿಗಳನ್ನು ಸಮಾಧಾನ ಮಾಡಲು ಹೀಗೆ ಕೊಟ್ಟು ತೆಗೆದುಕೊಳ್ಳದೆ ಮಸೂದೆಗಳು ದಾಟುವುದಿಲ್ಲ.

1922ರಲ್ಲಿ ಶಾಹೂ ಮಹಾರಾಜರು ತೀರಿಕೊಂಡರು. ಅವರ ಜೀವನ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದು 1924ರಲ್ಲಿ ಪ್ರಕಟಿಸಿದವರು ಬೇರೆ ಯಾರೂ ಅಲ್ಲ, ಅವರ ಆಡಳಿತದಲ್ಲೇ ಸಂಶಯಕ್ಕೆ ಗುರಿಯಾಗಿ ಊರು ಬಿಟ್ಟಿದ್ದ ಲಠ್ಠೆ. ಮಹಾರಾಜರ ಬಗ್ಗೆ ಇಂದಿಗೂ ಸಂಶೋಧಕರು ಮೊದಲು ತೆರೆಯುವ ಪುಸ್ತಕಗಳಲ್ಲಿ ಅದೂ ಒಂದು. 1920ರ ದಶಕದ ಉತ್ತರಾರ್ಧದಲ್ಲಿ ರಾಜಾರಾಮ ಮಹಾರಾಜರ ಕಾಲಕ್ಕೆ ಅವರು ಅದೇ ಕೊಲ್ಹಾಪುರಕ್ಕೆ ದಿವಾನರಾಗಿ ಮರಳಿದರು. ದಿವಾನ್ ಬಹಾದ್ದೂರ್ ಎಂಬ ಬಿರುದು ಬಂತು. ದೇಶೀಯ ಸಂಸ್ಥಾನಗಳ ಸಮಸ್ಯೆಗಳ ಬಗ್ಗೆ, ಜಗತ್ತಿನ ಸಂಯುಕ್ತ ರಾಜ್ಯಾಂಗಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದರು. ನಂತರ ಕಾಂಗ್ರೆಸ್ಸಿಗೆ ಬಂದರು.

1935ರ ಭಾರತ ಸರ್ಕಾರದ ಕಾಯ್ದೆಯಂತೆ 1937ರಲ್ಲಿ ಪ್ರಾಂತಗಳಲ್ಲಿ ಚುನಾವಣೆ ನಡೆಯಿತು. ಮುಂಬಯಿ ಪ್ರಾಂತದಲ್ಲಿ ಆಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳೂ ಸೇರಿದ್ದವು. ಕೆಳಮನೆಯ 175 ಸ್ಥಾನಗಳಲ್ಲಿ ಕಾಂಗ್ರೆಸ್ ಅತಿ ದೊಡ್ಡ ಪಕ್ಷವಾಯಿತು. ಜುಲೈ ತಿಂಗಳಲ್ಲಿ ಬಿ.ಜಿ. ಖೇರ್ ಅವರ ಮಂತ್ರಿಮಂಡಲ ಬಂತು. ಕೆ.ಎಂ. ಮುನ್ಶಿಯವರಿಗೆ ಗೃಹ, ಮೊರಾರ್ಜಿ ದೇಸಾಯಿಯವರಿಗೆ ಕಂದಾಯ, ಡಾ. ಗಿಲ್ಡರ್ ಅವರಿಗೆ ಆರೋಗ್ಯ ಮತ್ತು ಅಬಕಾರಿ, ಲಠ್ಠೆಯವರಿಗೆ ಹಣಕಾಸು. ಮಂತ್ರಿಗಳ ಸಂಬಳ ತಿಂಗಳಿಗೆ 500 ರೂಪಾಯಿ ಮೀರಬಾರದೆಂದು ಕಾಂಗ್ರೆಸ್ ನಿರ್ಧರಿಸಿತ್ತು. ಅದಕ್ಕೂ ಸಭೆಯಲ್ಲಿ ಮಸೂದೆಯೇ ಆಗಬೇಕಾಯಿತು, ಅದರ ಮೇಲೂ ವಾದ ನಡೆಯಿತು.

ಆ ಸಭೆಯಲ್ಲಿ ಗೊತ್ತುವಳಿಗೂ ಮಸೂದೆಗೂ ಇದ್ದ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಗೊತ್ತುವಳಿ, ನಮ್ಮ ಕಡೆಯ ಮಾತಿನಲ್ಲಿ ಠರಾವು, ಸಭೆಯ ಅಭಿಪ್ರಾಯ ಮಾತ್ರ. 1935ರ ಕಾಯ್ದೆ ಜನರ ಇಚ್ಛೆಗೆ ತಕ್ಕದ್ದಲ್ಲ, ಸಂವಿಧಾನ ಸಭೆ ಬೇಕು ಎಂಬ ಗೊತ್ತುವಳಿ 1937ರಲ್ಲೇ ಬಂತು. ಕರ್ನಾಟಕಕ್ಕೆ ಬೇರೆ ಪ್ರಾಂತವಾಗಬೇಕೆಂಬ ಗೊತ್ತುವಳಿ 1938ರಲ್ಲಿ ಅದೇ ಸಭೆಯಲ್ಲಿ ಅಂಗೀಕಾರವಾಯಿತು. ಕನ್ನಡಿಗರಿಗೆ ಆನಂದವಾಯಿತು, ಆದರೆ ಗಡಿ ಒಂದು ಗೇಣೂ ಸರಿಯಲಿಲ್ಲ, 1956ರವರೆಗೆ ಕಾಯಬೇಕಾಯಿತು. ಮಸೂದೆಯ ದಾರಿ ಬೇರೆ. ಮಂಡನೆ, ಸೆಲೆಕ್ಟ್ ಕಮಿಟಿ, ಕಲಮು ಕಲಮಾಗಿ ಚರ್ಚೆ, ಮೂರನೆಯ ವಾಚನ, ಮೇಲ್ಮನೆ, ಗವರ್ನರರ ಅಂಕಿತ ಇವಿಷ್ಟನ್ನೂ ದಾಟಿದರೆ ಮಾತ್ರ ಅದು ಕಾನೂನು. ಹಣದ ಮಸೂದೆಗೆ ಇನ್ನೊಂದು ಬಾಗಿಲು ಹೆಚ್ಚು: ತೆರಿಗೆ ಹಾಕುವ ಮಸೂದೆಯನ್ನು ಗವರ್ನರರ ಶಿಫಾರಸು ಇಲ್ಲದೆ ಮಂಡಿಸುವಂತಿಲ್ಲ, ಮೇಲ್ಮನೆಯಲ್ಲಿ ಆರಂಭಿಸುವಂತೆಯೂ ಇಲ್ಲ. ಗವರ್ನರರ ಖರ್ಚು, ಸಾಲದ ಬಡ್ಡಿ, ಹೈಕೋರ್ಟ್ ನ್ಯಾಯಾಧೀಶರ ಸಂಬಳದಂಥ ಬಾಬುಗಳು ಮತಕ್ಕೇ ಬರುತ್ತಿರಲಿಲ್ಲ. ಹಣಕಾಸು ಮಂತ್ರಿಯ ಕೈಗೆ ಉಳಿಯುತ್ತಿದ್ದದ್ದು ಇವನ್ನೆಲ್ಲ ಕಳೆದ ಮೇಲಿನ ಹಣ.

ಉಳಿಯುವುದೂ ಎಷ್ಟು? ಆದಾಯ ತೆರಿಗೆ ಕೇಂದ್ರದ್ದು. 1936ರ ನೀಮೆಯರ್ ತೀರ್ಮಾನದಂತೆ ಪ್ರಾಂತಗಳಿಗೆ ಹಂಚುವ ಮೊತ್ತದಲ್ಲಿ ಮುಂಬಯಿಗೆ ಶೇ. 20 ಗೊತ್ತುಮಾಡಿದ್ದರು. ಪ್ರಾಂತದ ಸ್ವಂತ ಆದಾಯವೆಂದರೆ ಮುಖ್ಯವಾಗಿ ಭೂಕಂದಾಯ, ಅಬಕಾರಿ ಮತ್ತು ಮುದ್ರಾಂಕ. ಇದರಲ್ಲಿ ಅಬಕಾರಿಯೊಂದೇ ಸುಮಾರು ಕಾಲುಭಾಗ. ಶಾಲೆ, ದವಾಖಾನೆ, ರಸ್ತೆಗಳಿಗೆ ಹೋಗುತ್ತಿದ್ದ ಹಣದಲ್ಲಿ ನಾಲ್ಕಾಣೆ ಸೇಂದಿ ಸಾರಾಯಿ ಅಂಗಡಿಯಿಂದ ಬಂದದ್ದೇ. ಪಾನನಿರೋಧವನ್ನು ಕಾಂಗ್ರೆಸ್ ಜನರಿಗೆ ಮಾತು ಕೊಟ್ಟು ಬಂದಿತ್ತು, ಗಾಂಧೀಜಿಯವರ ಒತ್ತಾಯವೂ ಇತ್ತು. ಜಾರಿ ಮಾಡುವ ಖಾತೆ ಡಾ. ಗಿಲ್ಡರ್ ಅವರದು. ಹೋಗುವ ಆದಾಯಕ್ಕೆ ಬದಲು ಎಲ್ಲಿಂದ ತರಬೇಕೆಂಬ ಪ್ರಶ್ನೆ ಲಠ್ಠೆಯವರದು.

ಪಾನನಿರೋಧ ಹಂತ ಹಂತವಾಗಿ ಬಂತು. 1938ರಲ್ಲಿ ಅಹಮದಾಬಾದಿನಲ್ಲಿ ಜಾರಿಯಾಯಿತು. 1939ರ ಮುಂಗಡಪತ್ರದೊಂದಿಗೆ ಮುಂಬಯಿ ನಗರಕ್ಕೂ ಅದನ್ನು ತರುವ ಯೋಜನೆ ಸಭೆಗೆ ಬಂತು. ಹೋಗುವ ಹಣಕ್ಕೆ ಬದಲಾಗಿ ಲಠ್ಠೆ ಕಂಡುಕೊಂಡ ಮುಖ್ಯ ದಾರಿ ನಗರದ ಸ್ಥಿರಾಸ್ತಿಯ ಮೇಲಿನ ತೆರಿಗೆ. ಮುಂಬಯಿಯ ಕಟ್ಟಡ ಮತ್ತು ನಿವೇಶನಗಳ ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ ಶೇ. 10. ಇದನ್ನು 1932ರ ಮುಂಬಯಿ ಹಣಕಾಸು ಕಾಯ್ದೆಗೆ ತಿದ್ದುಪಡಿಯಾಗಿ ತಂದರು.

ಗದ್ದಲವೆದ್ದಿತು. ಮಾಲೀಕರು ಸಭೆ ಸೇರಿದರು. ಸೇಂದಿ ವ್ಯಾಪಾರದಲ್ಲಿದ್ದ ಪಾರ್ಸಿ ಕುಟುಂಬಗಳು ತಮ್ಮ ಜೀವನೋಪಾಯವೂ ಹೋಗುತ್ತದೆ, ಮೇಲೆ ಮನೆಗೆ ತೆರಿಗೆಯೂ ಬೀಳುತ್ತದೆ ಎಂದು ದೂರಿದವು. ಮುಂಬಯಿಯಲ್ಲಿ ಕಟ್ಟಡಗಳನ್ನು ಹೊಂದಿದ್ದ ವರ್ತಕರಲ್ಲಿ ಜೈನರೂ ಇದ್ದರೆಂಬುದನ್ನು ಮರೆಯಬಾರದು. ಮದ್ಯತ್ಯಾಗವನ್ನು ಬಸದಿಯಲ್ಲಿ ಕೊಂಡಾಡುವುದು ಸುಲಭ. ಬೇರೆಯವರ ಮದ್ಯ ಬಿಡಿಸಲು ತನ್ನ ಕಟ್ಟಡದ ಬಾಡಿಗೆಯಿಂದ ಹತ್ತರಲ್ಲಿ ಒಂದು ಪಾಲು ಕೊಡಬೇಕೆಂದಾಗ ಯಾರಿಗಾದರೂ ಲೆಕ್ಕ ಹಿಡಿಸುವುದಿಲ್ಲ.

ಸಭೆಯೊಳಗೆ ಎದ್ದ ವಿರೋಧ ಇದಕ್ಕಿಂತ ಗಂಭೀರವಾದದ್ದು. ಸ್ವತಂತ್ರ ಕಾರ್ಮಿಕ ಪಕ್ಷದ ನಾಯಕರಾಗಿದ್ದ ಡಾ. ಅಂಬೇಡ್ಕರ್ ಅವರು ಲಠ್ಠೆಯವರ ಮುಂಗಡಪತ್ರಗಳನ್ನು ಅಂಕಿ ಅಂಕಿಯಾಗಿ ಬಿಚ್ಚಿ ಟೀಕಿಸಿದರು. ಪ್ರಾಂತದಲ್ಲಿ ಅಕ್ಷರ ಬಾರದವರು, ಔಷಧ ಸಿಗದವರು ಇಷ್ಟಿರುವಾಗ ಪಾನನಿರೋಧಕ್ಕೆ ಮೊದಲ ಸ್ಥಾನ ಏಕೆ, ಕಳೆದುಕೊಳ್ಳಲಿರುವ ಹಣವನ್ನು ಶಿಕ್ಷಣಕ್ಕೂ ಆರೋಗ್ಯಕ್ಕೂ ಹಾಕಬಾರದೇಕೆ ಎಂಬುದು ಅವರ ವಾದದ ತಿರುಳು. ಜಮನಾದಾಸ್ ಮೆಹತಾ ಕೂಡ ವಿರೋಧ ಪಕ್ಷದ ಗಟ್ಟಿ ದನಿಯಾಗಿದ್ದರು. ಅಂಬೇಡ್ಕರರ ಪ್ರಶ್ನೆ ಕುಡಿತದ ಪರವಾದದ್ದಲ್ಲ, ಆದ್ಯತೆಯದು. ವಿದ್ಯಾರ್ಥಿ ನಿಲಯದಿಂದಲೇ ಸಾರ್ವಜನಿಕ ಜೀವನ ಆರಂಭಿಸಿದ್ದ ಲಠ್ಠೆಯವರಿಗೆ ಅದು ತಟ್ಟದೆ ಇರಲಾರದು. ಅದಕ್ಕೆ ಪೂರ್ತಿ ಉತ್ತರ ಆ ಮುಂಗಡಪತ್ರಗಳಲ್ಲಿಲ್ಲ. ಕುಡಿತದಿಂದ ಉಳಿಯುವ ಹಣ ಬಡವನ ಮನೆಯಲ್ಲೇ ಅನ್ನವಾಗುತ್ತದೆ ಎಂಬುದು ಸರ್ಕಾರದ ಪಕ್ಷದ ನಂಬಿಕೆ. ನಂಬಿಕೆಯನ್ನು ಜಮಾ ಬಾಬಿನಲ್ಲಿ ಬರೆಯಲು ಬರುವುದಿಲ್ಲ. ಆದರೆ ಒಂದು ಮಾತನ್ನು ಲಠ್ಠೆಯವರ ಪರವಾಗಿ ಹೇಳಲೇಬೇಕು: ಅವರು ಆ ಕೊರತೆಯನ್ನು ಸಾಲದಲ್ಲಿ ಮುಚ್ಚಿಡಲಿಲ್ಲ, ರೈತನ ಭೂಕಂದಾಯ ಏರಿಸಿ ತುಂಬಲೂ ಹೋಗಲಿಲ್ಲ. ಕೊಡಲು ಶಕ್ತಿಯಿದ್ದ ನಗರದ ಮಾಲೀಕನ ಕಡೆ ಕೈಚಾಚಿದರು. ಅವನ ಸಿಟ್ಟನ್ನೂ ಹೊತ್ತುಕೊಂಡರು.

1939ರ ಆಗಸ್ಟ್ 1ರಂದು ಮುಂಬಯಿ ನಗರದಲ್ಲಿ ಪಾನನಿರೋಧ ಜಾರಿಗೆ ಬಂತು. ತೆರಿಗೆಯ ವಿಷಯ ಹೈಕೋರ್ಟಿಗೆ ಹೋಯಿತು. ಸರ್ ಬೈರಾಮ್‌ಜಿ ಜೀಜೀಭಾಯ್ ಅವರು ಹೂಡಿದ ದಾವೆಯಲ್ಲಿ ಪ್ರಶ್ನೆ ಸೂಕ್ಷ್ಮವಾದದ್ದು. ಬಾಡಿಗೆ ಮೌಲ್ಯದ ಮೇಲೆ ಹಾಕುವ ತೆರಿಗೆ ನಿಜವಾಗಿ ಆದಾಯದ ಮೇಲಿನ ತೆರಿಗೆಯೇ ಆದರೆ ಅದು ಕೇಂದ್ರದ ಅಧಿಕಾರ, ಪ್ರಾಂತಕ್ಕೆ ಹಾಕುವ ಹಕ್ಕಿಲ್ಲ. ಭೂಮಿ ಮತ್ತು ಕಟ್ಟಡದ ಮೇಲಿನ ತೆರಿಗೆಯಾದರೆ ಪ್ರಾಂತದ ಅಧಿಕಾರ. ಮುಖ್ಯ ನ್ಯಾಯಾಧೀಶ ಸರ್ ಜಾನ್ ಬ್ಯೂಮಾಂಟ್ ಅವರಿದ್ದ ಪೂರ್ಣಪೀಠ ಇದು ಭೂಮಿ ಕಟ್ಟಡಗಳ ಮೇಲಿನ ತೆರಿಗೆಯೇ ಎಂದು ಎತ್ತಿಹಿಡಿಯಿತು. ಯಾವ ತೆರಿಗೆ ಯಾರ ಅಧಿಕಾರಕ್ಕೆ ಸೇರಿದ್ದೆಂಬ ವಿವಾದಗಳಲ್ಲಿ ಆ ತೀರ್ಪನ್ನು ನಂತರವೂ ಉದಾಹರಿಸುತ್ತ ಬಂದಿದ್ದಾರೆ. ಮಸೂದೆಯ ಒಕ್ಕಣೆಯಲ್ಲಿ ಒಂದು ಪದ ಆಚೀಚೆಯಾಗಿದ್ದರೂ ಇಡೀ ಯೋಜನೆ ಕುಸಿಯುತ್ತಿತ್ತು.

ಆ ಎರಡು ವರ್ಷಗಳಲ್ಲಿ ಸಭೆ ದಾಟಿದ ಕಾಯ್ದೆಗಳು ಕಡಿಮೆಯೇನಲ್ಲ. 1938ರ ಔದ್ಯೋಗಿಕ ವಿವಾದ ಕಾಯ್ದೆಯನ್ನು ವಿರೋಧಿಸಿ ಆ ವರ್ಷದ ನವೆಂಬರ್ 7ರಂದು ಮುಂಬಯಿಯ ಗಿರಣಿ ಕಾರ್ಮಿಕರು ಒಂದು ದಿನ ಕೆಲಸ ನಿಲ್ಲಿಸಿದರು. 1939ರಲ್ಲಿ ಗೇಣಿದಾರರ ಕಾಯ್ದೆ, ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ, ರೈತರ ಸಾಲ ಪರಿಹಾರ ಕಾಯ್ದೆಗಳು ಬಂದವು. ಡೆಕ್ಕನ್ ರಯತ್ ಪತ್ರಿಕೆ ನಡೆಸಿದ್ದವರಿಗೆ ಈ ಕೊನೆಯ ಮೂರು ಹತ್ತಿರದವು. ಇವೆಲ್ಲಕ್ಕಿಂತ ಲಠ್ಠೆಯವರ ಜೀವನದ ದೃಷ್ಟಿಯಿಂದ ಗಮನಿಸಬೇಕಾದದ್ದು 1938ರ ಮುಂಬಯಿ ಹರಿಜನ ದೇವಾಲಯ ಪೂಜಾ ಕಾಯ್ದೆ. ದೇವಸ್ಥಾನದ ಟ್ರಸ್ಟಿಗಳು ಇಚ್ಛಿಸಿದರೆ ಹಳೆಯ ರೂಢಿ ಅಡ್ಡ ಬಾರದಂತೆ ಹರಿಜನರಿಗೆ ಬಾಗಿಲು ತೆರೆಯಬಹುದೆಂದು ಅದು ಹೇಳಿತು. ಒತ್ತಾಯವಿಲ್ಲ, ಅನುಮತಿ ಮಾತ್ರ. ಸಾಕಾಗದ ಕಾಯ್ದೆಯೆಂದು ಆಗಲೇ ಅನೇಕರು ಹೇಳಿದರು, ಹಾಗೆ ಹೇಳಿದ್ದು ತಪ್ಪೂ ಅಲ್ಲ. ಆದರೂ ಮಿಸ್ ಕ್ಲಾರ್ಕ್ ವಸತಿಗೃಹಕ್ಕೆ ಹೋಗಿಬಂದ ಹುಡುಗನಿಗೆ ಸ್ನಾನದ ನಿಯಮ ಹೇಳಿದ್ದವರು ಮೂವತ್ತು ವರ್ಷಗಳ ಅನಂತರ ಆ ಕಾಯ್ದೆ ತಂದ ಮಂತ್ರಿಮಂಡಲದಲ್ಲಿ ಕುಳಿತಿದ್ದರು.

ಯುದ್ಧ ಬಂತು. ಭಾರತೀಯರನ್ನು ಕೇಳದೆ ದೇಶವನ್ನು ಯುದ್ಧಕ್ಕೆ ಎಳೆದದ್ದನ್ನು ವಿರೋಧಿಸಿ 1939ರ ನವೆಂಬರಿನಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಖೇರ್ ಅವರೊಂದಿಗೆ ಲಠ್ಠೆಯವರೂ ಹೊರಬಂದರು. ರೈತರ ಸಾಲ ಪರಿಹಾರ ಕಾಯ್ದೆ ಜಾರಿಯ ಹಂತಕ್ಕೆ ಬರುವ ಹೊತ್ತಿಗೆ ಅದನ್ನು ತಂದವರು ಅಧಿಕಾರದಲ್ಲಿರಲಿಲ್ಲ. ಗವರ್ನರರ ಆಡಳಿತದಲ್ಲಿ ಪಾನನಿರೋಧ ಸಡಿಲವಾಯಿತು. ಅದರ ನಷ್ಟ ತುಂಬಲೆಂದು ಹುಟ್ಟಿದ ಸ್ಥಿರಾಸ್ತಿ ತೆರಿಗೆ ಮಾತ್ರ ಉಳಿಯಿತು. ಒಮ್ಮೆ ಹಾಕಿದ ತೆರಿಗೆಯನ್ನು ಯಾವ ಸರ್ಕಾರ ತಾನಾಗಿ ಬಿಟ್ಟೀತು?

ಸಮಾಜದ ಶಿಕ್ಷಣ ಸಂಸ್ಥೆಗಳೊಂದಿಗೆ ಅವರ ಸಂಬಂಧ ಕೊನೆಯವರೆಗೂ ಕಡಿಯಲಿಲ್ಲ. ಸಾಂಗ್ಲಿಯಲ್ಲಿ ಲಠ್ಠೆ ಹೆಸರಿನ ಶಿಕ್ಷಣ ಸಂಸ್ಥೆ ಇಂದಿಗೂ ನಡೆಯುತ್ತಿದೆ.

ಸ್ವಾತಂತ್ರ್ಯದ ಮೇಲೆ ಮತ್ತೆ ಖೇರ್ ಅವರ ಸರ್ಕಾರವೇ ಇಡೀ ಪ್ರಾಂತಕ್ಕೆ ಪಾನನಿರೋಧ ತಂದಿತು. 1949ರ 25ನೆಯ ಕಾಯ್ದೆಯಾಗಿ ಅದು ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳಿಗೂ ಅನ್ವಯಿಸಿತು. ಅದರ ಮರುವರ್ಷ, 1950ರ ಮೇ 16ರಂದು ಅಣ್ಣಾಸಾಹೇಬ ಲಠ್ಠೆ ತೀರಿಕೊಂಡರು.